ಎಳೆತವಲ್ಲ, ತಿರುವು

ಹತ್ತನೇ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಪಾಠವನ್ನು ಈ ಸಲದ ಬೋಧನಾಭ್ಯಾಸದಲ್ಲಿ ಎರಡು ಬಾರಿ ವೀಕ್ಷಿಸಿದೆ. ಮೊದಲು ಬಸವಕಲ್ಯಾಣದಲ್ಲಿ, ಆಮೇಲೆ ಹುಮನಾಬಾದಿನಲ್ಲಿ. ಇಬ್ಬರು ಪ್ರಶಿಕ್ಷಣಾರ್ಥಿಗಳೂ ಪಾಠಯೋಜನೆಯ ಕೊನೆಗೆ ವ್ಯಾನ್ ಅಲೆನ್ ವಿಕಿರಣ ವಲಯಗಳನ್ನು ಸೇರಿಸಿಕೊಂಡಿದ್ದರು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಅದು ವಿದ್ಯುದಾವೇಶವುಳ್ಳ ಕಣಗಳನ್ನು ಹಿಡಿದಿಟ್ಟುಕೊಂಡಿದೆ ಎಂದು ಇಬ್ಬರೂ ಹೇಳಿದರು. ಬಸವಕಲ್ಯಾಣದ ಮಕ್ಕಳು ಅದನ್ನು ಅಂದವಾಗಿ ಬರೆದುಕೊಂಡರು. ಗಂಟೆ ಹೊಡೆಯಿತು.

ಹುಮನಾಬಾದಿನಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು: “ಅಯಸ್ಕಾಂತ ಎಳೀತದಲ್ರಿ ಟೀಚರ್, ಮತ್ತ ಆ ಕಣ ನೆಲಕ್ಕ ಯಾಕ್ ಬೀಳಲ್ರಿ?”

ಮಕ್ಕಳ ಪೂರ್ವಜ್ಞಾನದಲ್ಲಿ ಅಯಸ್ಕಾಂತಕ್ಕೆ ಒಂದೇ ಕೆಲಸ, ಮೊಳೆ ಎಳೆಯುವುದು. ‘ಹಿಡಿದಿಟ್ಟುಕೊಂಡಿದೆ’ ಎಂಬ ನಮ್ಮ ಮಾತು ಅದನ್ನೇ ಗಟ್ಟಿಮಾಡುತ್ತದೆ. ಪ್ರಶಿಕ್ಷಣಾರ್ಥಿ ಮೌಲ್ಯಮಾಪನದ ಪ್ರಶ್ನೆಗಳನ್ನು ಬದಿಗಿಟ್ಟು, ಮೇಜಿನ ಮೇಲಿದ್ದ ಅಲ್ಯೂಮಿನಿಯಂ ಹಾಳೆಯ ತುಣುಕನ್ನು ಲಾಳಾಕಾರದ ಅಯಸ್ಕಾಂತಕ್ಕೆ ಮುಟ್ಟಿಸಿದರು. ಅಂಟಲಿಲ್ಲ. ಎರಡು ಧ್ರುವಗಳ ನಡುವೆ ತೂಗುಬಿಟ್ಟು ವಿದ್ಯುತ್ ಹರಿಸಿದರು. ಹಾಳೆ ಯಾವ ಧ್ರುವದ ಕಡೆಗೂ ಹೋಗದೆ ಅಡ್ಡಕ್ಕೆ ಚಿಮ್ಮಿತು. ತಂತಿ ಅದಲುಬದಲು ಮಾಡಿದಾಗ ಎದುರು ದಿಕ್ಕಿಗೆ ಚಿಮ್ಮಿತು. ಹಿಂದಿನ ಬೆಂಚಿನವರೂ ಎದ್ದು ಬಂದರು.

ಉತ್ತರ ಅಲ್ಲೇ ಇತ್ತು. ಕಾಂತಕ್ಷೇತ್ರ ಚಲಿಸುವ ಕಣವನ್ನು ತನ್ನತ್ತ ಎಳೆಯುವುದಿಲ್ಲ, ಅಡ್ಡಕ್ಕೆ ತಿರುಗಿಸುತ್ತದೆ. ವೇಗ ಹೆಚ್ಚಿಸದು, ತಗ್ಗಿಸದು. ಸದಾ ತಿರುಗುತ್ತಲೇ ಇರುವ ಕಣ ಬಲರೇಖೆಯ ಸುತ್ತ ಸುರುಳಿಯಾಗುತ್ತದೆ. ರೇಖೆಗಳು ಒತ್ತೊತ್ತಾಗುವ ಧ್ರುವಗಳ ಕಡೆ ಹೋಗಿ ಹಿಂದಿರುಗುತ್ತದೆ. ಹೀಗೆ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತಲೇ ಪ್ರೋಟಾನುಗಳು ಪಶ್ಚಿಮಕ್ಕೆ, ಎಲೆಕ್ಟ್ರಾನುಗಳು ಪೂರ್ವಕ್ಕೆ ಸರಿಯುತ್ತ ಭೂಮಿಯನ್ನು ಸುತ್ತುತ್ತವೆ. ಗೋಡೆಯಿಲ್ಲದ ಸೆರೆ.

1958ರಲ್ಲಿ ಎಕ್ಸ್‌ಪ್ಲೋರರ್-1 ಉಪಗ್ರಹದ ಗೈಗರ್ ಮಾಪಕ ಹೆಚ್ಚು ಎತ್ತರದಲ್ಲಿ ಸೊನ್ನೆ ತೋರಿಸಿತ್ತು. ಕಣಗಳು ಇಲ್ಲದ್ದಕ್ಕಲ್ಲ; ಅತಿಯಾಗಿದ್ದು ಮಾಪಕ ಎಣಿಸಲಾರದೆ ಹೋಗಿತ್ತು. (ಬಸವಕಲ್ಯಾಣದ ಆ ಶಾಂತ ತರಗತಿಯಲ್ಲಿ ಎಷ್ಟು ಪ್ರಶ್ನೆಗಳಿದ್ದವೋ!) ನಮ್ಮ ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಸುತ್ತುವುದು ಸುಮಾರು 650 ಕಿ.ಮೀ. ಎತ್ತರದಲ್ಲಿ. ದಕ್ಷಿಣ ಅಟ್ಲಾಂಟಿಕ್ ಮೇಲೆ ಒಳವಲಯ ಕೆಳಗಿಳಿದಿರುವುದರಿಂದ, ಅಲ್ಲಿ ಹಾಯುವಾಗ ಅದರ ಎಕ್ಸ್-ಕಿರಣ ಉಪಕರಣಗಳ ಅಧಿಕ ವೋಲ್ಟೇಜನ್ನು ತಗ್ಗಿಸಬೇಕಾಗುತ್ತದೆ. ಈ ಉದಾಹರಣೆಯನ್ನು ಪ್ರಶಿಕ್ಷಣಾರ್ಥಿಗೆ ಆಮೇಲೆ ಕೊಟ್ಟೆ.

ವೀಕ್ಷಣಾ ಹಾಳೆಯಲ್ಲಿ ‘ಮೌಲ್ಯಮಾಪನ’, ‘ಮನೆಗೆಲಸ’ ಎರಡೂ ಕಲಂ ಖಾಲಿ ಉಳಿದವು. ಆದರೂ ಹುಮನಾಬಾದಿನ ಪಾಠಕ್ಕೇ ಹೆಚ್ಚು ಅಂಕ ಕೊಟ್ಟೆ. ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು; ಅವರ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ, ಪಾಠ ಮುಗಿಸುವುದೂ ಒಂದು ಕೌಶಲವೇ. ಅಂಕ ಮಾತ್ರ ಬದಲಿಸಲಿಲ್ಲ.

ಆ ಹುಡುಗಿಯ ಮುಂದಿನ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಮರುದಿನ ತಂದರು: ಧ್ರುವದ ಹತ್ತಿರ ಹೋದ ಕಣ ತಿರುಗಿ ಯಾಕೆ ಬರುತ್ತದೆ? ಇದಕ್ಕೆ ಅಲ್ಯೂಮಿನಿಯಂ ಹಾಳೆ ಸಾಲದು. ತರಗತಿಯಲ್ಲಿ ಮಾಡಿ ತೋರಿಸಬಹುದಾದ ಚಟುವಟಿಕೆಯನ್ನು ಇಬ್ಬರೂ ಹುಡುಕುತ್ತಿದ್ದೇವೆ.