ಮುಚ್ಚಳದ ಕೆಳಗಿನ ಲೆಕ್ಕ

ಮೋಟಾರ್ ಸೈಕಲ್ಲನ್ನು ಸವಾರಿ ಮಾಡುವವರು ನಮ್ಮಲ್ಲಿ ಬಹಳ. ಅದರ ಶಬ್ದವನ್ನು ಮೆಚ್ಚುವವರು ಇನ್ನೂ ಬಹಳ. ಆ ಶಬ್ದ ಹುಟ್ಟುವ ಸ್ಥಳದಲ್ಲಿ ಏನು ನಡೆಯುತ್ತದೆಂದು ಕೇಳುವವರು ಮಾತ್ರ ವಿರಳ. ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಪ್ರವಾಸ ಕಥನವನ್ನು ಬಿಟ್ಟು, ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಕೆಳಗೆ ಅಡಗಿರುವ ಒಂದು ಲೆಕ್ಕವನ್ನು ಕುರಿತು ಬರೆಯಬೇಕೆನಿಸಿತು. ಬಿ.ಎ. ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಅಧ್ಯಾಪಕರು ಹುಬ್ಬೇರಿಸಬಹುದು. ಓದಿ ಮುಗಿಸಿದ ಮೇಲೆ ಅವರೇ ತೀರ್ಮಾನಿಸಲಿ.

ಮೊದಲು ವಿಷಯದ ಪರಿಚಯ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಎರಡು ಬಾಗಿಲುಗಳು ಬೇಕು. ಗಾಳಿ ಪೆಟ್ರೋಲುಗಳನ್ನು ಒಳಗೆ ಬಿಡಲು ಒಂದು, ಹೊಗೆಯನ್ನು ಹೊರಗೆ ಕಳುಹಿಸಲು ಇನ್ನೊಂದು. ಇವೇ ವಾಲ್ವುಗಳು. ತಲೆಕೆಳಗಾಗಿ ಹಿಡಿದ ಅಣಬೆಯಂತೆ ಅವುಗಳ ಆಕಾರ. ಅಣಬೆಯ ಕೊಡೆ ತನ್ನ ಸೀಟಿನ ಮೇಲೆ ಕೂತರೆ ಬಾಗಿಲು ಮುಚ್ಚಿತು. ಅದರ ಕಾಂಡವು ಗೈಡ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ಮುಚ್ಚುವುದು ಸ್ಪ್ರಿಂಗಿನ ಕೆಲಸ. ತೆರೆಯುವುದಕ್ಕೆ ಮಾತ್ರ ದೊಡ್ಡ ಸಂಸಾರವೇ ಬೇಕು: ಉಬ್ಬುಳ್ಳ ಚಕ್ರವಾದ ಕ್ಯಾಮ್, ಅದರ ಮೇಲೆ ಕೂತ ಟ್ಯಾಪೆಟ್, ಟ್ಯಾಪೆಟ್ಟಿನ ಮೇಲೆ ನಿಂತ ಪುಶ್ ರಾಡ್, ಕಟ್ಟಕಡೆಗೆ ರಾಕರ್. ನಮ್ಮ ಹಿರಿಯರು ನೀರೆತ್ತುತ್ತಿದ್ದ ಏತವನ್ನು ನೆನೆಯಿರಿ. ಒಂದು ತುದಿ ಏರಿದರೆ ಮತ್ತೊಂದು ಇಳಿಯುತ್ತದೆ. ರಾಕರ್ ಅಂಥ ಪುಟ್ಟ ಏತ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವೂ 2500 ಬಾರಿ, ಎಂದರೆ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಬಾರಿ, ತೆರೆದು ಮುಚ್ಚುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿಗಳಿಗೆ ಈ ಗೊಡವೆಯೇ ಇರಲಿಲ್ಲ. ಅವು ಟೂ ಸ್ಟ್ರೋಕ್ ಗಾಡಿಗಳಾದುದರಿಂದ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ಟಿನದು ಮಾತ್ರ ಪುಶ್ ರಾಡಿನ ಸಂಸಾರ. ನನಗೆ ಈ ಪಾಠವಾದುದು ಅಂಥದೊಂದು ಹಳೆಯ 346 ಸಿ.ಸಿ. ಬುಲೆಟ್ಟಿನಿಂದ.

ತಾಲ್ಲೂಕು ಕೇಂದ್ರವಾದ ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ನನ್ನ ಸೋದರಮಾವನ ರಿಪೇರಿ ಅಂಗಡಿಯಿದೆ. ರಜೆಯಲ್ಲಿ ನಾನು ಅಲ್ಲಿಗೆ ಹೋಗುವುದುಂಟು. ಕಳೆದ ಬೇಸಿಗೆಯಲ್ಲಿ ಒಬ್ಬ ತರುಣ ತನ್ನ ತಂದೆಯ ಕಾಲದ ಬುಲೆಟ್ಟನ್ನು ತಳ್ಳಿಕೊಂಡು ಬಂದ. ಘಾಟಿಯ ಏರಿನಲ್ಲಿ ಗಾಡಿ ಇನ್ನಷ್ಟು ಜೋರಾಗಿ ಓಡಲೆಂದು ಬೇರೆ ಊರಿನಲ್ಲಿ ಉಬ್ಬು ಹೆಚ್ಚಿರುವ ಕ್ಯಾಮ್ ಹಾಕಿಸಿದ್ದನಂತೆ. ನಾಲ್ಕು ತಿಂಗಳಲ್ಲಿ ನೀಲಿ ಹೊಗೆ ಬರತೊಡಗಿತ್ತು. ಬಿಚ್ಚಿ ನೋಡಿದರೆ ವಾಲ್ವಿನ ಗೈಡು ಒಂದೇ ಪಕ್ಕಕ್ಕೆ ಸವೆದು ಮೊಟ್ಟೆಯಾಕಾರವಾಗಿತ್ತು.

"ಅಣ್ಣ, ಭಾನುವಾರ ಚಿಕ್ಕಮಗಳೂರಿಗೆ ಹೊರಟಿದ್ದೀವಿ. ಹೊಸ ಗೈಡ್ ಹಾಕಿಕೊಟ್ಟುಬಿಡಿ, ಸಾಕು" ಎಂದ ಅವನು.

"ಹಾಕ್ತೀನಪ್ಪ. ಹಳೇದು ಯಾಕೆ ಸವೀತು ಅಂತ ನೋಡದೆ ಹಾಕಿದರೆ ದಸರಾ ಹೊತ್ತಿಗೆ ಮತ್ತೆ ಇಲ್ಲಿಗೇ ಬರ್ತೀಯ."

"ಟ್ಯಾಪೆಟ್ ಸರಿಯಾಗೇ ಇದೆಯಲ್ಲ?"

"ಇದೆ. ಅದಕ್ಕೇ ಇದು ಯಾರ ಕಣ್ಣಿಗೂ ಬಿದ್ದಿಲ್ಲ" ಎಂದರು ಮಾವ.

ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ವಾಲ್ವು ನೆಟ್ಟಗೆ ಇಳಿಯುತ್ತದೆ. ಅದನ್ನು ಒತ್ತುವ ರಾಕರಿನ ತುದಿಯಾದರೋ ಏತದ ತುದಿಯಂತೆ ಕಮಾನಿನಲ್ಲಿ ಇಳಿಯುತ್ತದೆ. ಆದುದರಿಂದ ಒತ್ತುವಾಗಲೆಲ್ಲ ತುದಿ ಕಾಂಡದ ತಲೆಯ ಮೇಲೆ ಉಜ್ಜಿಕೊಂಡು ಪಕ್ಕಕ್ಕೆ ಸರಿಯಲೇಬೇಕು. ಆ ಸರಿದಾಟ ಹೆಚ್ಚಿದಷ್ಟೂ ಕಾಂಡವನ್ನು ಪಕ್ಕಕ್ಕೆ ನೂಕುವ ಬಲವೂ ಹೆಚ್ಚು. ಗೈಡು ಸವೆಯುವುದು, ವಾಲ್ವು ಸೀಟಿನ ಮೇಲೆ ಸರಿಯಾಗಿ ಕೂರದೆ ಸುಡುವುದು ಇದರ ಫಲ. ಪುಶ್ ರಾಡಿನ ಬುಡದ ತಿರುಪಿನಿಂದ ಟ್ಯಾಪೆಟ್ಟಿನ ಸಡಿಲವನ್ನು ಯಾರು ಬೇಕಾದರೂ ಸರಿಪಡಿಸಬಹುದು. ರಾಕರ್ ಯಾವ ಎತ್ತರದಲ್ಲಿ ಕೂತಿದೆ ಎಂಬುದನ್ನು ತಿರುಪು ಹೇಳುವುದಿಲ್ಲ.

ಮಾವ ಗಟ್ಟಿ ಸ್ಪ್ರಿಂಗನ್ನು ತೆಗೆದು ಮೆತ್ತನೆಯದೊಂದನ್ನು ಹಾಕಿದರು. ಕಾಂಡದ ತಲೆಗೆ ಮಸಿ ಹಚ್ಚಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು. ಮಸಿ ಅಳಿಸಿದ ಗುರುತು ಅಗಲವಾಗಿ, ಅಂಚಿನ ತನಕ ಹರಡಿತ್ತು. ಕಾರಣ ಎರಡು. ವರ್ಷಗಟ್ಟಲೆ ಸೀಟನ್ನು ಉಜ್ಜಿಸಿ ಉಜ್ಜಿಸಿ ವಾಲ್ವು ಆಳಕ್ಕೆ ಕೂತು, ಕಾಂಡದ ತಲೆ ಸುಮಾರು 2 ಮಿ.ಮೀ. ಮೇಲಕ್ಕೆದ್ದಿತ್ತು. ಹೊಸ ಕ್ಯಾಮು ವಾಲ್ವನ್ನು ಹಿಂದಿಗಿಂತ 1 ಮಿ.ಮೀ. ಹೆಚ್ಚಾಗಿ ಒತ್ತುತ್ತಿತ್ತು. ಮೊದಲನೆಯದಕ್ಕೆ ರಾಕರನ್ನು 2 ಮಿ.ಮೀ. ಏರಿಸಬೇಕು, ಎರಡನೆಯದಕ್ಕೆ ಹೆಚ್ಚಿದ ಒತ್ತಿನ ಅರ್ಧ, ಎಂದರೆ ಅರ್ಧ ಮಿ.ಮೀ., ಇಳಿಸಬೇಕು. ಉಳಿದುದು ಒಂದೂವರೆ. ಮಾವ ಈ ಲೆಕ್ಕವನ್ನು ಬರೆಯಲಿಲ್ಲ. ಹಿತ್ತಾಳೆಯ ತಗಡನ್ನು ಕತ್ತರಿಸಿ, ಎಣ್ಣೆ ಹರಿಯುವ ತೂತು ಬಿಟ್ಟು, ರಾಕರಿನ ಪೀಠದ ಕೆಳಗೆ ಒಂದೊಂದಾಗಿ ಇಟ್ಟರು. ಪ್ರತಿಸಲವೂ ಪುಶ್ ರಾಡಿನ ಉದ್ದವನ್ನು ಹೊಂದಿಸಿ, ಮಸಿ ಹಚ್ಚಿ, ತಿರುಗಿಸಿ, ನೋಡಿದರು. ಮೂರು ದಿನ ಹೀಗೆಯೇ ನಡೆಯಿತು. ಗುರುತು ಕಿರಿದಾಗುತ್ತ ಬಂದು, ಮೂರನೆಯ ಸಂಜೆ ನಡುವಿನಲ್ಲೊಂದು ಸಣ್ಣ ಗೆರೆಯಾಗಿ ನಿಂತಿತು. ಅನಂತರ ಪಿಸ್ಟನ್ನಿನ ಮೇಲೆ ಮೆತ್ತನೆಯ ಮೇಣವಿಟ್ಟು, ತೆರೆದ ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಎಡೆಯಿದೆಯೆಂದು ನೋಡಿದರು. ಗಟ್ಟಿ ಸ್ಪ್ರಿಂಗನ್ನು ಮರಳಿ ಹಾಕಿ, ವಾಲ್ವು ಪೂರ್ತಿ ತೆರೆದಾಗ ಅದರ ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲವೆಂದು ಖಚಿತಪಡಿಸಿಕೊಂಡರು.

ಆ ರಾತ್ರಿ ನಾನು ಕಾಗದ ಹಿಡಿದು ಕೂತೆ. ರಾಕರಿನ ತೋಳು 40 ಮಿ.ಮೀ., ವಾಲ್ವಿನ ಒತ್ತು 8 ಮಿ.ಮೀ. ಎಂದು ಇಟ್ಟುಕೊಂಡೆ. ವಾಲ್ವು ಮುಚ್ಚಿರುವಾಗಲೇ ತೋಳು ಕಾಂಡಕ್ಕೆ ಲಂಬವಾಗಿದ್ದರೆ, ಪೈಥಾಗೊರಸನ ಪ್ರಮೇಯದಂತೆ ತುದಿ ಪಕ್ಕಕ್ಕೆ ಸರಿಯುವುದು ಸುಮಾರು 0.8 ಮಿ.ಮೀ. ಅರ್ಧ ತೆರೆದಾಗ ಲಂಬವಾಗುವಂತೆ ಇಟ್ಟರೆ ಕೇವಲ 0.2 ಮಿ.ಮೀ. ನಾಲ್ಕರಲ್ಲಿ ಒಂದು ಪಾಲು! ತುದಿ ಮೊದಲು ಹೊರಕ್ಕೆ ಸರಿದು, ಮತ್ತೆ ಅಷ್ಟೇ ಒಳಕ್ಕೆ ಬರುತ್ತದೆ. ಕಮಾನನ್ನು ನೇರ ಮಾಡಲು ಯಾರಿಂದಲೂ ಆಗದು. ಅದರ ಡೊಂಕನ್ನು ಎರಡು ಕಡೆಗೂ ಸಮವಾಗಿ ಹಂಚಬಹುದು. ವಿದ್ಯೆಯೆಲ್ಲ ಅಷ್ಟೇ.

ಬೆಳಿಗ್ಗೆ ಕಾಗದವನ್ನು ಮಾವನಿಗೆ ತೋರಿಸಿದೆ. ಅವರು ಓದಿದುದು ಏಳನೆಯ ತರಗತಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಗದವನ್ನು ಬಹಳ ಹೊತ್ತು ನೋಡಿ, "ಸಣ್ಣ ಗೆರೆ ಬಂದರೆ ಒಳ್ಳೇದು ಅಂತ ಗೊತ್ತಿತ್ತು ಕಣೋ ಅಳಿಯ. ಯಾಕೆ ಅಂತ ಇವತ್ತು ಗೊತ್ತಾಯ್ತು" ಎಂದರು. ನನಗೆ ಹಿಗ್ಗಿಗಿಂತ ಸಂಕೋಚವೇ ಹೆಚ್ಚಾಯಿತು. ಕಾರಣವನ್ನು ನಾನು ಒಂದು ರಾತ್ರಿಯಲ್ಲಿ ಕಂಡೆ, ನಿಜ. ಆದರೆ ಪ್ರಶ್ನೆಯನ್ನು ಕಂಡವರು ಅವರು. ಪ್ರಶ್ನೆಯಿಲ್ಲದಿದ್ದರೆ ನನ್ನ ಪ್ರಮೇಯ ಪುಸ್ತಕದಲ್ಲಿಯೇ ಮಲಗಿರುತ್ತಿತ್ತು.

ಭಾನುವಾರದ ಪ್ರವಾಸ ತಪ್ಪಿತೆಂದು ತರುಣನಿಗೆ ಸಿಟ್ಟು. "ಎರಡು ಚೂರು ತಗಡಿಗೆ ಮೂರು ದಿನದ ಕೂಲಿಯೇ?" ಎಂದು ವಾದಿಸಿದ. ಮಾವ ಗೈಡಿನ ಬೆಲೆಯನ್ನೂ ಒಂದು ದಿನದ ಕೂಲಿಯನ್ನೂ ತೆಗೆದುಕೊಂಡು ಗಾಡಿ ಕೊಟ್ಟರು. ಆ ತಿಂಗಳು ಅಂಗಡಿಯ ಬಾಡಿಗೆಗೆ ಅತ್ತೆ ಕೈಸಾಲ ತಂದುದನ್ನು ನಾನು ಬಲ್ಲೆ. "ಗೈಡ್ ಮಾತ್ರ ಹಾಕಿ ಕಳಿಸಬಹುದಿತ್ತಲ್ಲ ಮಾವ?" ಎಂದು ಕೇಳಿದೆ. "ಮುಚ್ಚಳ ಹಾಕಿದ ಮೇಲೆ ಒಳಗೇನಿದೆ ಅಂತ ಅವನಿಗೆ ಕಾಣಲ್ಲ. ನನಗೆ ಕಾಣ್ತಾ ಇರುತ್ತಲ್ಲ" ಎಂದಷ್ಟೇ ಹೇಳಿ ಬೇರೆ ಗಾಡಿಗೆ ಕೈ ಹಾಕಿದರು.

ಇಂದಿನ ಅನೇಕ ಗಾಡಿಗಳಲ್ಲಿ ಕ್ಯಾಮು ಎಂಜಿನ್ನಿನ ತಲೆಯ ಮೇಲೆಯೇ ಇರುತ್ತದೆ, ಪುಶ್ ರಾಡೇ ಇಲ್ಲ. ಮಾವನ ಕೈಚಳಕಕ್ಕೆ ಇನ್ನೆಷ್ಟು ದಿನ ಗಿರಾಕಿಗಳಿರುವರೋ ಕಾಣೆ. ಅದನ್ನು ಕಲಿಯಲು ಅವರ ಅಂಗಡಿಗೆ ಹುಡುಗರು ಬರುತ್ತಿಲ್ಲ. ನಾನೂ ಪದವಿಯ ಬೆನ್ನು ಹತ್ತಿದವನು. ಅವರಿಗೆ ತಿಳಿದುದನ್ನು ಅವರ ಭಾಷೆಯಲ್ಲಿಯೇ ಬರೆದಿಡುವುದಾದರೂ ನನ್ನಿಂದಾಗಲಿ ಎಂದು ಇದನ್ನು ಬರೆದೆ. ನಮ್ಮ ಕಾಲೇಜಿನಲ್ಲಿ ಕಮ್ಮಾರರ, ನೇಕಾರರ, ಗಾಣಿಗರ ಮನೆಗಳಿಂದ ಬಂದ ಗೆಳೆಯರು ಎಷ್ಟೋ ಮಂದಿ ಇದ್ದಾರೆ. ಅವರ ಮನೆಗಳಲ್ಲಿಯೂ ಮುಚ್ಚಳದ ಕೆಳಗೆ ಇಂಥ ಲೆಕ್ಕಗಳು ಇರಲೇಬೇಕು. ಮುಂದಿನ ಸಂಚಿಕೆಗೆ ಅವರು ಅವನ್ನು ಬರೆದುಕೊಡಲೆಂದು ನನ್ನ ಬಿನ್ನಹ.