ಎರಡು ಟಿಕೆಟ್ ಕಮ್ಮಿ

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಗುಬ್ಬಿ ಹತ್ತಿರದ ನಮ್ಮ ತೋಟದ ಮನೆ ಸೇರಿಕೊಂಡರು. ಮೊದಲ ಆರು ತಿಂಗಳು ತೆಂಗಿನ ಮರ ಎಣಿಸಿದರು, ಆಮೇಲೆ ಅಡಿಕೆ ಮರ ಎಣಿಸಿದರು. ಎಣಿಸೋಕೆ ಏನೂ ಉಳಿಯದಿದ್ದಾಗ ಅಮ್ಮನ ಅಡುಗೆಮನೆಗೆ ಬಂದು ಡಬ್ಬಿ ಎಣಿಸತೊಡಗಿದರು. "ಇವರಿಗೆ ಏನಾದ್ರೂ ಕೆಲಸ ಹುಡುಕೇ" ಅಂತ ಅಮ್ಮ ನನಗೆ ಫೋನ್ ಮಾಡಿದ್ದು ಆಗಲೇ.

ಕೆಲಸ ಅವರೇ ಹುಡುಕಿಕೊಂಡರು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರಲ್ಲ, ಅವರು ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಕೆಲಸದಲ್ಲಿದ್ದವರು ಅಂತ ಟಿವಿಯವರು ಹೇಳಿದ್ದೇ ತಡ, ಅಪ್ಪ ಎದ್ದು ಕೂತರು. "ನೋಡಮ್ಮ, ಟಿಕೆಟ್ ನೋಡೋನು ಮೆಡಲ್ ಹೊಡೆದ!" ಆ ದೀಪಾವಳಿಗೆ ನನ್ನ ಬೋನಸ್ಸಿನಲ್ಲಿ ಅಪ್ಪನಿಗೆ ಒಂದು ಏರ್‌ಗನ್ ಕೊಡಿಸಿದೆ. 4.5 ಮಿಲಿಮೀಟರ್ ಅಳತೆಯ, 20 ಜೂಲ್ ಒಳಗಿನ ಶಕ್ತಿಯ ಏರ್‌ಗನ್ನಿಗೆ 2016ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ, ಗುರುತಿನ ಚೀಟಿ ಕೊಟ್ಟರೆ ಸಾಕು.

ಊರಿನವರಿಗೆಲ್ಲ ಒಂದೇ ಆಸೆ, ತೋಟಕ್ಕೆ ಬರೋ ಕೋತಿಗೆ ಹೊಡೆಸಬೇಕು ಅಂತ. ಅಪ್ಪ ಒಪ್ಪಲಿಲ್ಲ. "ಇದು ಕಾಗದಕ್ಕೆ ಹೊಡಿಯೋಕೆ ಕಣಯ್ಯ, ಜೀವಕ್ಕಲ್ಲ" ಅಂದರು. ಹಳೇ ರಟ್ಟಿನ ಪೆಟ್ಟಿಗೆಗೆ ಚಿಂದಿ ಬಟ್ಟೆ ತುಂಬಿ, ಹಿಂದೆ ಮರಳಿನ ಚೀಲ ಪೇರಿಸಿ, ತೆಂಗಿನ ಹಗ್ಗದಲ್ಲಿ 10 ಮೀಟರ್ ಅಳೆದು ಜಾಗ ಮಾಡಿಕೊಂಡರು. ಹತ್ತು ಮೀಟರ್ ರೈಫಲ್ ಸ್ಪರ್ಧೆಯ ಕಾಗದದಲ್ಲಿ ನಟ್ಟನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದನ್ನು ನೋಡುತ್ತಾ ಅಪ್ಪ ಗಂಟೆಗಟ್ಟಲೆ ಉಸಿರು ಹಿಡಿದು ನಿಲ್ಲೋರು. ಅಮ್ಮನ ಡಬ್ಬಿಗಳಿಗೆ ನೆಮ್ಮದಿ ಸಿಕ್ಕಿತು.

ಮೂರು ತಿಂಗಳಾದ ಮೇಲೆ ತೊಂದರೆ ಶುರುವಾಯಿತು. ಅಪ್ಪನ ಏರ್‌ಗನ್ನಿನಲ್ಲಿ ಹತ್ತು ಪೆಲೆಟ್ ಹಿಡಿಯುವ ದುಂಡನೆಯ ಮ್ಯಾಗಜಿನ್ ಇದೆ. ಪಕ್ಕದ ಲಿವರ್ ಹಿಂದಕ್ಕೆ ಎಳೆದರೆ ಮ್ಯಾಗಜಿನ್ ಒಳಗಿನ ಚಕ್ರ ಒಂದು ಮನೆ ತಿರುಗುತ್ತದೆ. ಲಿವರ್ ಮುಂದಕ್ಕೆ ತಳ್ಳಿದರೆ ಒಂದು ಸಣ್ಣ ಕಡ್ಡಿ ಬಂದು ಪೆಲೆಟ್ ಅನ್ನು ನಳಿಕೆಯೊಳಕ್ಕೆ ನೂಕುತ್ತದೆ. ಈಗ ನಾಲ್ಕನೆಯದಕ್ಕೋ ಐದನೆಯದಕ್ಕೋ ಚಕ್ರ ಅರ್ಧಕ್ಕೇ ನಿಲ್ಲುತ್ತಿತ್ತು, ಲಿವರ್ ಮುಂದಕ್ಕೆ ಹೋಗದು. ಬಲವಾಗಿ ತಳ್ಳಿದರೆ ಸೀಸದ ಪೆಲೆಟ್ ಜಜ್ಜಿ ಹೋಗುತ್ತಿತ್ತು.

ಕಂಪನಿಗೆ ಮೇಲ್ ಹಾಕಿದೆ. "ನಾವು ಸೂಚಿಸಿದ ಪೆಲೆಟ್ ಬಳಸಿ" ಅಂತ ಉತ್ತರ ಬಂತು. ಮತ್ತೆ ಹಾಕಿದೆ, ವಿಡಿಯೋ ಕೇಳಿದರು. ಕಳಿಸಿದೆ. ನಾಲ್ಕು ದಿನ ಬಿಟ್ಟು "ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸಿ ಈ ದೂರನ್ನು ಮುಕ್ತಾಯಗೊಳಿಸಲಾಗಿದೆ" ಅಂತ ಬಂತು.

ಆ ವಾಕ್ಯ ಓದಿ ನನಗೆ ಸಿಟ್ಟು ಬರಬೇಕಿತ್ತು, ಆದರೆ ನಾಚಿಕೆ ಆಯಿತು. ಯಾಕೆ ಅಂದ್ರೆ ನಾನೂ ಅದೇ ಕೆಲಸದವಳು. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಔಷಧಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಕಸ್ಟಮರ್ ಸಪೋರ್ಟ್ ಮಾಡ್ತೀನಿ. ಆ ವಾಕ್ಯ ನನ್ನ ಕಂಪ್ಯೂಟರಿನಲ್ಲೂ ರೆಡಿಯಾಗಿ ಕೂತಿದೆ, ಎರಡು ಕೀ ಒತ್ತಿದರೆ ಹೋಗುತ್ತೆ. ದಿನಕ್ಕೆ ಹತ್ತು ಸಲವಾದರೂ ಒತ್ತುತ್ತಿದ್ದೆ.

ಆ ಭಾನುವಾರ ನಾನೇ ಗುಬ್ಬಿಗೆ ಹೋಗಿದ್ದೆ. ಕುಣಿಗಲ್‌ನಿಂದ ಅಕ್ಕ, ಭಾವ, ಅವರ ಐದು ವರ್ಷದ ಮಗ ಚಿಂಟು ಎಲ್ಲರೂ ಬಂದಿದ್ದರು. ಅಪ್ಪ ಬೆಳಿಗ್ಗೆ ಹತ್ತು ಪೆಲೆಟ್ ತುಂಬಿ ಹೊಡೆಯುತ್ತಿದ್ದಾಗ ಮತ್ತೆ ಸಿಕ್ಕಿಕೊಂಡಿತು. ಎಳೆದರು, ತಳ್ಳಿದರು, ಅಲ್ಲಾಡಿಸಿದರು, ಮತ್ತೆ ಎಳೆದು ತಳ್ಳಿದರು. ಸಾಕಾಗಿ ಜಗಲಿಗೆ ತಂದು ತೊಡೆ ಮೇಲಿಟ್ಟುಕೊಂಡು ಕೂತರು. ನಾನು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಅಂದು ಭಾಗ್ಯಕ್ಕೆ ಯಾರೋ ಎತ್ತಿದರು.

ಆ ಹುಡುಗ ಓದಿಕೊಂಡು ಹೇಳೋ ಹಾಗೆ ಹೇಳಿದ: ಮ್ಯಾಗಜಿನ್ ತೆಗೆಯಿರಿ, ಲಿವರ್ ಮುಚ್ಚಿ, ಒಂದು ಸಲ ಟ್ರಿಗರ್ ಒತ್ತಿ ನೋಡಿ, ಸರಿ ಹೋಗುತ್ತೆ.

ಅಪ್ಪ ಮ್ಯಾಗಜಿನ್ ತೆಗೆದರು. ಲಿವರ್ ಮುಚ್ಚಿದರು. ಸುಮ್ಮನೆ ಕೂತರು.

"ಒತ್ತಿ ನೋಡಪ್ಪ, ಅವರು ಹೇಳ್ತಿದ್ದಾರಲ್ಲ" ಅಂದೆ. ನನಗೆ ಅವಸರ. ಲೈನ್ ಕಟ್ಟಾದರೆ ಮತ್ತೆ ಅರ್ಧ ಗಂಟೆ ಕಾಯಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇರು. ಲೆಕ್ಕ ತಾಳೆ ಆಗ್ತಿಲ್ಲ" ಅಂದರು ಅಪ್ಪ. "ಹತ್ತು ತುಂಬಿದ್ದೆ. ಮ್ಯಾಗಜಿನ್‌ನಲ್ಲಿ ನಾಲ್ಕಿದೆ. ಕಾಗದದಲ್ಲಿ ತೂತು ನಾಲ್ಕೇ. ಎರಡು ಟಿಕೆಟ್ ಕಮ್ಮಿ."

ಆಗ ನಾನು ನಳಿಕೆ ಯಾವ ಕಡೆ ಇದೆ ಅಂತ ನೋಡಿದೆ. ಅದರ ನೇರಕ್ಕೆ ಬಚ್ಚಲ ಕಲ್ಲಿನ ಮೇಲೆ ಚಿಂಟು ಕೂತು ಕಾಲು ತೊಳೆದುಕೊಳ್ಳುತ್ತಿದ್ದ.

ಅಪ್ಪ ಏನೂ ಮಾತಾಡಲಿಲ್ಲ. ಟ್ರಿಗರ್‌ನಿಂದ ಬೆರಳು ದೂರ ಇಟ್ಟುಕೊಂಡೇ ನಳಿಕೆ ಮೊದಲು ನೆಲಕ್ಕೆ, ಆಮೇಲೆ ತೋಟದ ಕಡೆಗೆ ತಿರುಗಿಸಿದರು. ಭಾವನಿಗೆ ಕಣ್ಣಲ್ಲೇ ಹೇಳಿದರು, ಭಾವ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಅಪ್ಪ ಪೆಟ್ಟಿಗೆ ಮುಂದೆ ನಿಂತು, ಹಿಂದೆ ಮರಳು ಚೀಲ ಸರಿ ಇದೆಯಾ ಅಂತ ನೋಡಿ ಒತ್ತಿದರು. ಯಾವತ್ತಿನ ಸದ್ದಲ್ಲ, ಮಂದವಾದ ಸದ್ದು. ಕಾಗದದಲ್ಲಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಎರಡು ತೂತು ಬಿದ್ದಿತ್ತು. ಎರಡು ಪೆಲೆಟ್ ನಳಿಕೆಯೊಳಗೇ ಇದ್ದವು. ಆ ಎಳೆದಾಟದಲ್ಲಿ ಒಂದರ ಹಿಂದೆ ಒಂದು ಒಳಗೆ ಹೋಗಿ ಕೂತಿದ್ದವು.

ಫೋನ್ ಇನ್ನೂ ಲೈನ್‌ನಲ್ಲೇ ಇತ್ತು. "ಮೇಡಂ, ಸರಿ ಹೋಯ್ತಾ?" ಅಂತ ಆ ಹುಡುಗ ಕೇಳಿದ. ನಾನು ಕಟ್ ಮಾಡಿದೆ. ಅವನಿಗೆ ಬೈಯೋಕೆ ಬಾಯಿ ಬರಲಿಲ್ಲ. "ಒತ್ತು" ಅಂತ ಅಪ್ಪನಿಗೆ ಹೇಳಿದವಳು ನಾನು. ಅವನಿಗೆ ಬಚ್ಚಲು ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

ಮಧ್ಯಾಹ್ನ ಯಾರಿಗೂ ಊಟ ಸೇರಲಿಲ್ಲ. ಅಕ್ಕ ನನ್ನ ಹತ್ತಿರ ಮಾತಾಡಲೇ ಇಲ್ಲ. ಆ ಗನ್ ಬಾವಿಗೆ ಎಸೀರಿ ಅಂತ ಅಮ್ಮ ಕೂಗಾಡಿದರು. ಆದರೆ ಭಾವ ಸಂಜೆ ಬ್ಯಾಗಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ಅವರು ಕುಣಿಗಲ್ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದವರು. ಚಿಂಟುವನ್ನು ಅಜ್ಜಿ ಜೊತೆ ಒಳಗೆ ಕೂರಿಸಿ, "ಮಾವ, ಯಾಕೆ ಸಿಕ್ಕಿಕೊಳ್ಳುತ್ತೆ ಅಂತ ಗೊತ್ತಾಗದೆ ಇದನ್ನ ಬಿಡೋದು ಬೇಡ" ಅಂದರು.

ಮೊದಲು ಪೆಲೆಟ್ ಅಳೆದರು. ತುಮಕೂರಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಚೂಪು ಮೂತಿಯ ಪೆಲೆಟ್, ಮ್ಯಾಗಜಿನ್ನಿನ ಮನೆಗಿಂತ ಉದ್ದವಿತ್ತು. ಮೂತಿ ಹೊರಗೆ ಚಾಚಿಕೊಂಡು ಅಂಚಿಗೆ ತಗಲಿದರೆ ಚಕ್ರ ಹೇಗೆ ತಿರುಗೀತು? ಅಂದರೆ ಕಂಪನಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. "ಬೇರೆ ಪೆಲೆಟ್ ಬಳಸಿದ್ದೀರಾ" ಅಂತ ಮೇಲ್‌ನಲ್ಲಿ ಕೇಳಿದ್ದಾಗ "ಇಲ್ಲ" ಅಂತ ಬರೆದವಳು ನಾನೇ, ವಾರಂಟಿ ಹೋದೀತು ಅಂತ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಭಾವ ನನ್ನ ನೇಲ್ ಪಾಲಿಶ್ ಇಸ್ಕೊಂಡು ಚಕ್ರದ ಹತ್ತು ಮನೆಗೂ ಒಂದರಿಂದ ಹತ್ತು ಅಂತ ಗುರುತು ಹಾಕಿದರು. ಕಂಪನಿ ಹೇಳಿದ ದುಂಡು ಮೂತಿಯ ಪೆಲೆಟ್ಟನ್ನೇ ತುಂಬಿ ಅಪ್ಪ 50 ಸಲ ಹೊಡೆದರು, ಮರಳು ಚೀಲದ ಕಡೆಗೇ. ಅಪ್ಪನ ಹಳೇ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು ನಾನು ಬರೆದುಕೊಂಡೆ. ನಾಲ್ಕು ಸಲ ಸಿಕ್ಕಿಕೊಂಡಿತು, ನಾಲ್ಕೂ ಸಲ ಏಳನೇ ಮನೆಯಲ್ಲೇ. ಟಾರ್ಚ್ ಬಿಟ್ಟು ನೋಡಿದರೆ ಆ ಮನೆಯ ಅಂಚಿನಲ್ಲಿ ಕೂದಲೆಳೆಯಷ್ಟು ಪಿಸುರು ಉಳಿದಿತ್ತು. ಅರ ಹಾಕಿ ಉಜ್ಜಿಬಿಡಬಹುದಿತ್ತು. ಭಾವ ಬೇಡ ಅಂದರು. "ಅವರ ತಪ್ಪು ಅವರೇ ನೋಡಲಿ. ಇಲ್ಲ ಅಂದ್ರೆ ಇನ್ನೊಬ್ಬರಿಗೆ ಇದೇ ಹೋಗುತ್ತೆ."

ಆ ರಾತ್ರಿ ನಾಲ್ಕನೇ ಮೇಲ್ ಬರೆದೆ. ಮೊದಲ ಸಾಲಿನಲ್ಲೇ ನನ್ನ ಸುಳ್ಳು ಒಪ್ಪಿಕೊಂಡೆ. ಆಮೇಲೆ ಲೆಕ್ಕ, ಏಳನೇ ಮನೆಯ ಫೋಟೋ, ಕೊನೆಗೆ ಬಚ್ಚಲ ಕಲ್ಲಿನ ವಿಷಯ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ ಅಂತ ನನಗೆ ಗೊತ್ತಿತ್ತು. ಬರೆದು, ಅಳಿಸಿದೆ. ಮೊದಲು ಮನುಷ್ಯರ ಹಾಗೆ ಹೇಳಿ ನೋಡೋಣ, ಆಮೇಲೆ ಅದು ಇದ್ದೇ ಇದೆ ಅನ್ನಿಸಿತು.

ಮಾರನೇ ದಿನ ಒಬ್ಬರು ಹೆಂಗಸು ಫೋನ್ ಮಾಡಿದರು. ನಮಸ್ಕಾರವಾದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಈಗ ನಳಿಕೆ ಖಾಲಿ ಇದೆಯಾ? ಅದು ಹೇಗೆ ಖಾತ್ರಿ ಮಾಡ್ಕೊಂಡ್ರಿ?" ಎರಡನೇ ಪ್ರಶ್ನೆ, "ಮಗು ಹೇಗಿದ್ದಾನೆ?" ಒಂಬತ್ತು ದಿನಕ್ಕೆ ಹೊಸ ಮ್ಯಾಗಜಿನ್ ಬಂತು. ಹಳೆಯದನ್ನು ವಾಪಸ್ ಕಳಿಸಲು ಹೇಳಿದರು, ತಯಾರಿ ವಿಭಾಗದವರಿಗೆ ತೋರಿಸುತ್ತಾರಂತೆ. ನೇಲ್ ಪಾಲಿಶ್ ಅಳಿಸದೇ ಕಳಿಸಿದೆ.

ಆ ವಾರ ಆಫೀಸಿನಲ್ಲಿ ನಾನು ಮುಚ್ಚಿದ್ದ ದೂರುಗಳ ಪಟ್ಟಿ ತೆಗೆದೆ. ಒಂದು ಔಷಧಿ ಅಂಗಡಿಯವರು ಮೂರು ಸಲ ಬರೆದಿದ್ದರು, ಸ್ಟಾಕ್ ಲೆಕ್ಕ ತಪ್ಪು ತೋರಿಸ್ತಿದೆ ಅಂತ. ಮೂರು ಸಲವೂ "ರೀಸ್ಟಾರ್ಟ್ ಮಾಡಿ" ಅಂದು ಮುಚ್ಚಿದ್ದೆ. ಫೋನ್ ಮಾಡಿ, "ಸರ್, ಸ್ಕ್ರೀನ್ ನಿಂತಾಗ ನೀವು ಏನು ಮಾಡಿದ್ರಿ, ಮೊದಲಿಂದ ಹೇಳಿ" ಅಂತ ಕೇಳಿದೆ. ನಿಂತುಹೋಯ್ತು ಅಂತ ಸೇವ್ ಬಟನ್ ಎರಡು ಸಲ ಒತ್ತಿದ್ದರು. ಒಂದೇ ಬಿಲ್ ಎರಡು ಸಲ ಒಳಗೆ ಹೋಗಿತ್ತು. ಇಲ್ಲದ ಔಷಧಿ ಇದೆ ಅಂತ ತೋರಿಸುತ್ತಿತ್ತು. ಅದನ್ನು ನಂಬಿ ಒಬ್ಬರು ಪೇಷಂಟ್‌ಗೆ "ನಾಳೆ ಬನ್ನಿ, ಇದೆ" ಅಂದಿದ್ದರಂತೆ.

ಆ ಕಾಲ್ 22 ನಿಮಿಷ ಹಿಡಿಯಿತು. ತಿಂಗಳ ಕೊನೆಗೆ ನನ್ನ ಸರಾಸರಿ ಸಮಯ ಜಾಸ್ತಿ ಆಗಿದೆ ಅಂತ ಮ್ಯಾನೇಜರ್ ಕರೆದು ಕೇಳಿದರು. ಇದ್ದದ್ದು ಹೇಳಿದೆ. ರೇಟಿಂಗ್ ಏನಾಗುತ್ತೋ ನೋಡಬೇಕು. ಆ ರೆಡಿ ವಾಕ್ಯವನ್ನು ಮಾತ್ರ ನನ್ನ ಕಂಪ್ಯೂಟರಿನಿಂದ ತೆಗೆದುಹಾಕಿದ್ದೀನಿ. ದೂರು ಮುಚ್ಚಬೇಕಾದರೆ ಈಗ ಕೈಯಾರೆ ಟೈಪ್ ಮಾಡಬೇಕು.

ನಿಮ್ಮ ಮನೆಯಲ್ಲೂ ಏರ್‌ಗನ್ ಇದ್ದರೆ ಇಷ್ಟು ನೆನಪಿಡಿ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಗನ್ ಖಾಲಿ ಅಲ್ಲ. ಸಿಕ್ಕಿಕೊಂಡರೆ ಲಿವರ್ ಜೊತೆ ಗುದ್ದಾಡಬೇಡಿ. ನಳಿಕೆಯನ್ನು ಮಣ್ಣು, ಮರಳಿನ ಕಡೆಗೇ ಇಟ್ಟು ತುಂಬಿದ್ದೆಷ್ಟು, ಹೋದದ್ದೆಷ್ಟು ಎಣಿಸಿ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಹೋದ ವಾರ ಅಕ್ಕನ ಮನೆಯವರು ಮತ್ತೆ ಬಂದಿದ್ದರು. ಈಗ ಅಪ್ಪ ಗನ್ ಹೊರಗೆ ತೆಗೆಯೋ ಮುಂಚೆ ಮನೆಯವರನ್ನೆಲ್ಲ ಎಣಿಸುತ್ತಾರೆ. ಅಡುಗೆಮನೆ ಬಾಗಿಲಲ್ಲಿ ನಿಂತು "ಚಿಂಟು ಎಲ್ಲಿ?" ಅಂತ ಕೂಗಿದರು. ಒಳಗಿನಿಂದ ಅಕ್ಕ, "ಇಲ್ಲೇ ಇದ್ದಾನೆ ಕಣಪ್ಪ, ನನ್ನ ಸೆರಗು ಹಿಡ್ಕೊಂಡು" ಅಂದಳು.

"ಸರಿ, ಲೆಕ್ಕ ತಾಳೆ ಆಯ್ತು" ಅಂತ ಹೇಳಿ ಅಪ್ಪ ತೋಟದ ಕಡೆ ನಡೆದರು.