ಒಂದು ಗುಂಡು, ಒಂದು ಸಾಲು



"ಒಂದನೇ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು?" ಅಂತ ಕೇಳಿದರೆ ನಾವೆಲ್ಲ ನಿದ್ದೆಗಣ್ಣಿನಲ್ಲೂ ಹೇಳ್ತೀವಿ: ಆಸ್ಟ್ರಿಯಾದ ಯುವರಾಜ ಫರ್ಡಿನೆಂಡನ ಕೊಲೆ. ಒಂದು ಅಂಕ ಬಂತು, ಮುಗೀತು. ಉತ್ತರವೇನೋ ಸರಿ. ಆದರೆ ಒಬ್ಬ ಯುವರಾಜ ಸತ್ತದ್ದಕ್ಕೆ ತೊಂಬತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಯಾಕೆ ಸಾಯಬೇಕಾಯಿತು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಓದಿ ತಿಳಿದುಕೊಂಡದ್ದನ್ನು, ಅದರಿಂದ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1914ರ ಜೂನ್ 28. ಬೋಸ್ನಿಯಾದ ಸರಾಯೇವೋ ಪಟ್ಟಣ. ಬೆಳಿಗ್ಗೆಯೇ ಯುವರಾಜನ ಕಾರಿನ ಮೇಲೆ ಬಾಂಬ್ ಎಸೆದಿದ್ದರು, ಗುರಿ ತಪ್ಪಿತ್ತು. ಆಮೇಲೆ ಕಾರಿನವನು ತಪ್ಪು ರಸ್ತೆಗೆ ತಿರುಗಿಸಿದ. ಅಲ್ಲೇ ನಿಂತಿದ್ದ ಗವ್ರಿಲೋ ಪ್ರಿನ್ಸಿಪ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಗುಂಡು ಹಾರಿಸಿದ. ಯುವರಾಜನೂ ಆತನ ಹೆಂಡತಿ ಸೋಫಿಯೂ ಸತ್ತರು. ನಮಗಿಂತ ಮೂರು ನಾಲ್ಕು ವರ್ಷ ದೊಡ್ಡವನು, ಅಷ್ಟೇ!

ಆದರೆ ಗುಂಡು ಹಾರಿದ ಮರುದಿನವೇ ಯುದ್ಧ ಶುರುವಾಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಬ್ರಿಟನ್ ಯುದ್ಧ ಸಾರಿದ್ದು ಆಗಸ್ಟ್ 4ರಂದು. ನಡುವೆ 37 ದಿನ ಇದ್ದವು. ಸಂಧಾನ ಮಾಡುವ ಮನಸ್ಸಿದ್ದರೆ ಅದು ಸಾಕಷ್ಟು ಸಮಯ. ಆದರೆ ಆ ದಿನಗಳಲ್ಲಿ ಆಗಿದ್ದೇ ಬೇರೆ. ನೀವು ಏನು ಮಾಡಿದರೂ ನಿಮ್ಮ ಹಿಂದೆ ನಾವಿದ್ದೇವೆ ಅಂತ ಜರ್ಮನಿ ಆಸ್ಟ್ರಿಯಾಕ್ಕೆ ಮಾತು ಕೊಟ್ಟಿತು. ಜುಲೈ 23ರಂದು ಆಸ್ಟ್ರಿಯಾ 48 ಗಂಟೆಗಳ ಗಡುವು ಹಾಕಿ ಸರ್ಬಿಯಾಕ್ಕೆ ಷರತ್ತುಗಳನ್ನು ಕಳಿಸಿತು. ಸರ್ಬಿಯಾ ಬಹುಪಾಲು ಷರತ್ತುಗಳಿಗೆ ಒಪ್ಪಿಕೊಂಡಿತು. ಆ ಉತ್ತರ ನೋಡಿದ ಜರ್ಮನಿಯ ಚಕ್ರವರ್ತಿ ಎರಡನೇ ವಿಲಿಯಂ ಕೂಡ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂಬರ್ಥದಲ್ಲಿ ಅದರ ಮೇಲೆ ಬರೆದ. ಆದರೂ ಅದೇ ದಿನ, ಜುಲೈ 28ರಂದು, ಆಸ್ಟ್ರಿಯಾ ಯುದ್ಧ ಸಾರಿಬಿಟ್ಟಿತು.

ಕಿಡಿ ಹಸಿ ಹುಲ್ಲಿನ ಮೇಲೆ ಬಿದ್ದರೆ ಆರಿಹೋಗುತ್ತದೆ, ಒಣ ಬಣವೆಯ ಮೇಲೆ ಬಿದ್ದರೆ ಊರಿಗೇ ಬೆಂಕಿ. ಯುರೋಪಿನ ಬಣವೆ ಒಣಗಿ ನಲವತ್ತು ವರ್ಷ ಆಗಿತ್ತು. 1871ರಲ್ಲಿ ಜರ್ಮನಿಯು ಫ್ರಾನ್ಸನ್ನು ಸೋಲಿಸಿ ಅಲ್ಸೇಸ್-ಲೊರೇನ್ ಸೀಮೆಯನ್ನು ಕಿತ್ತುಕೊಂಡಿತ್ತು, ಮೇಲೆ 500 ಕೋಟಿ ಫ್ರಾಂಕ್ ದಂಡ. ಆ ಸಿಟ್ಟು ಫ್ರಾನ್ಸಿಗೆ ಮರೆಯಲಿಲ್ಲ. 1882ರ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾ, ಇಟಲಿ ಒಂದು ಗುಂಪಾದವು. 1907ರ ಹೊತ್ತಿಗೆ ಫ್ರಾನ್ಸ್, ರಷ್ಯಾ, ಬ್ರಿಟನ್ ಇನ್ನೊಂದು ಗುಂಪಾದವು. ಯುದ್ಧನೌಕೆ ಕಟ್ಟುವುದರಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಪೈಪೋಟಿ. ಬಾಲ್ಕನ್ ಸೀಮೆಯಲ್ಲಿ ಆಸ್ಟ್ರಿಯಾಕ್ಕೂ ರಷ್ಯಾಕ್ಕೂ ಜಿದ್ದು.

ಇನ್ನೊಂದು ವಿಷಯ ನನಗೆ ಬಹಳ ಆಶ್ಚರ್ಯ ತಂದಿತು. ಜರ್ಮನಿಯ ಸೇನೆ ಮೊದಲೇ ಒಂದು ಲೆಕ್ಕ ಹಾಕಿಟ್ಟಿತ್ತು: ಬೆಲ್ಜಿಯಂ ದಾರಿಯಾಗಿ ನುಗ್ಗಿ ಫ್ರಾನ್ಸನ್ನು ಬೇಗ ಸೋಲಿಸುವುದು, ಆಮೇಲೆ ರಷ್ಯಾ ಕಡೆ ತಿರುಗುವುದು. ಇದಕ್ಕೆ ಯಾವ ರೈಲು ಯಾವಾಗ ಹೊರಡಬೇಕೆಂದು ವೇಳಾಪಟ್ಟಿಯೂ ತಯಾರಿತ್ತು. ಆಗಸ್ಟ್ 1ರಂದು ಚಕ್ರವರ್ತಿಯು ಸೈನ್ಯವನ್ನೆಲ್ಲಾ ರಷ್ಯಾ ಕಡೆಗೇ ಕಳಿಸಿ ಅಂದಾಗ, ಅದು ಆಗದ ಕೆಲಸ ಅಂತ ಸೇನಾಧಿಪತಿ ಮೋಲ್ಟ್ಕೆ ಹೇಳಿಬಿಟ್ಟ. ಮನುಷ್ಯರು ಮಾಡಿದ ವೇಳಾಪಟ್ಟಿ ಮನುಷ್ಯರನ್ನೇ ಎಳೆದುಕೊಂಡು ಹೋಯಿತು!

ಹಾಗಂತ ಎದುರು ಬದುರು ನಿಂತವರು ಗುರುತಿಲ್ಲದವರೇ? ಅಲ್ಲ. ಜರ್ಮನಿಯ ವಿಲಿಯಂ ಮತ್ತು ಬ್ರಿಟನ್ನಿನ ಐದನೇ ಜಾರ್ಜ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ಜಾರ್ಜನ ತಾಯಿ ಮತ್ತು ರಷ್ಯಾದ ಎರಡನೇ ನಿಕೊಲಾಸನ ತಾಯಿ ಅಕ್ಕತಂಗಿಯರು. ವಿಲಿಯಂ ಮತ್ತು ನಿಕೊಲಾಸ್ ಯುದ್ಧದ ಹಿಂದಿನ ದಿನಗಳಲ್ಲೂ ಮನೆಯ ಹೆಸರು ಹಿಡಿದು ತಂತಿ ಕಳಿಸಿಕೊಳ್ಳುತ್ತಿದ್ದರು. ಕುರುಕ್ಷೇತ್ರದ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೆಂಕಿ ನಮ್ಮ ನಾಡಿಗೂ ತಾಗಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಈ ಯುದ್ಧಕ್ಕಾಗಿ ಸಮುದ್ರ ದಾಟಿದರು. 70 ಸಾವಿರಕ್ಕೂ ಹೆಚ್ಚು ಜನ ತಿರುಗಿ ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಅಶ್ವದಳವೂ ಇತ್ತು. ಕೈಯಲ್ಲಿ ಭರ್ಜಿ ಹಿಡಿದು, ಕುದುರೆ ಮೇಲೆ ಕೂತು, ತೋಪು ಬಂದೂಕುಗಳ ಎದುರು ನುಗ್ಗಿದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅವರಿಗೂ ಸರಾಯೇವೋದ ಜಗಳಕ್ಕೂ ಏನು ಸಂಬಂಧ, ಹೇಳಿ?

ಇನ್ನು ಶಾಂತಿಯ ವಿಷಯ. 1918ರ ನವೆಂಬರ್ 11ಕ್ಕೆ ಗುಂಡಿನ ಸದ್ದು ನಿಂತಿತು. 1919ರ ಜೂನ್ 28ರಂದು, ಅಂದರೆ ಸರಾಯೇವೋ ಕೊಲೆಯಾಗಿ ಸರಿಯಾಗಿ ಐದು ವರ್ಷಕ್ಕೆ, ವರ್ಸೇಲ್ಸ್ ಅರಮನೆಯ ಕನ್ನಡಿ ಮಹಲಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 1871ರಲ್ಲಿ ಫ್ರಾನ್ಸನ್ನು ಸೋಲಿಸಿದ್ದ ಜರ್ಮನರು ತಮ್ಮ ಸಾಮ್ರಾಜ್ಯ ಘೋಷಿಸಿಕೊಂಡದ್ದು ಇದೇ ಮಹಲಿನಲ್ಲಿ. ಅಂದರೆ ಹಳೇ ಸಾಲವನ್ನು ಬಡ್ಡಿ ಸಮೇತ ವಸೂಲು ಮಾಡಿದ ಹಾಗಾಯಿತು. ಸೋತವರನ್ನು ಮಾತುಕತೆಗೆ ಕೂರಿಸಿಕೊಳ್ಳಲಿಲ್ಲ. ಬರೆದದ್ದನ್ನು ಕೈಗಿಟ್ಟು ಸಹಿ ಹಾಕಿ ಅಂದರು.

ಆ ಒಪ್ಪಂದದ 231ನೇ ವಿಧಿಯೇ ನಾನು ಹೇಳಬೇಕೆಂದಿರುವ ಆ "ಒಂದು ಸಾಲು". ಯುದ್ಧದಿಂದಾದ ನಷ್ಟಕ್ಕೆಲ್ಲ ಜರ್ಮನಿ ಮತ್ತು ಅದರ ಮಿತ್ರರೇ ಹೊಣೆ, ಅದನ್ನು ಜರ್ಮನಿ ಒಪ್ಪುತ್ತದೆ ಎಂದು ಅದರಲ್ಲಿದೆ. ಪರಿಹಾರದ ಹಣ ಕೇಳಲು ಕಾನೂನಿನ ಆಧಾರ ಬೇಕೆಂದು ಬರೆದದ್ದು. ಆದರೆ ಜರ್ಮನರು ಅದನ್ನು "ತಪ್ಪೆಲ್ಲಾ ನಿನ್ನದೇ" ಅಂತ ಓದಿಕೊಂಡರು. 1921ರಲ್ಲಿ ಪರಿಹಾರದ ಮೊತ್ತವನ್ನು 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿ ಮಾಡಿದರು.

ಹಾಗಾದರೆ ಎರಡನೇ ಮಹಾಯುದ್ಧಕ್ಕೆ ವರ್ಸೇಲ್ಸ್ ಒಂದೇ ಕಾರಣ ಅಂತ ಬರೆದರೆ ಆಯ್ತಾ? ಅದೂ ಒಂದು ಅಂಕದ ಉತ್ತರವೇ ಆಗುತ್ತದೆ. 1918ರ ಮಾರ್ಚಿನಲ್ಲಿ ಜರ್ಮನಿ ರಷ್ಯಾದ ಮೇಲೆ ಹೇರಿದ ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದವೂ ಕಠೋರವೇ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4,20,000 ಕೋಟಿ ಮಾರ್ಕ್ ಆದದ್ದರಲ್ಲಿ ಜರ್ಮನ್ ಸರ್ಕಾರ ಲೆಕ್ಕವಿಲ್ಲದೆ ನೋಟು ಅಚ್ಚು ಹಾಕಿದ್ದರ ಪಾಲೂ ಇತ್ತು. 1926ರಲ್ಲಿ ಜರ್ಮನಿಯನ್ನು ರಾಷ್ಟ್ರಸಂಘಕ್ಕೆ ಸೇರಿಸಿಕೊಂಡಾಗ ಗಾಯ ಮಾಯುವಂತೆ ಕಂಡಿತ್ತು. 1929ರ ಆರ್ಥಿಕ ಕುಸಿತ ಬಂದು ಲಕ್ಷಾಂತರ ಜನ ಕೆಲಸ ಕಳೆದುಕೊಂಡಾಗ ಹಿಟ್ಲರ್ ಹಳೇ ಗಾಯವನ್ನೇ ಕೆದಕಿದ. ಅಧಿಕಾರದಲ್ಲಿದ್ದ ದೊಡ್ಡವರು 1933ರ ಜನವರಿಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. 1939ರ ಸೆಪ್ಟೆಂಬರ್ 1ಕ್ಕೆ ಮತ್ತೆ ಯುದ್ಧ.

ನನಗೆ ಅನ್ನಿಸುವುದು ಇಷ್ಟು. ಕಾರಣ ಹತ್ತಿದ್ದಾಗ ಒಂದನ್ನೇ ಹಿಡಿದು ತೀರ್ಪು ಬರೆದರೆ ಉಳಿದ ಒಂಬತ್ತು ಹಾಗೇ ಉಳಿಯುತ್ತವೆ. ಜರ್ಮನಿಯ ತಪ್ಪು ದೊಡ್ಡದೇ, ಬೆಲ್ಜಿಯಮ್ಮಿಗೆ ನುಗ್ಗಿದ್ದು ಅದೇ ಅಲ್ಲವೇ? ಆದರೆ ಗುಂಪುಗಾರಿಕೆ, ಪೈಪೋಟಿ, ಗಡಿಯ ಜಗಳ ಇವು ತೀರ್ಪು ಬರೆದ ಮೇಲೂ ಇದ್ದ ಜಾಗದಲ್ಲೇ ಇದ್ದವು.

ಎರಡನೇ ಯುದ್ಧವಾದ ಮೇಲೆ ಬೇರೆ ದಾರಿ ಹುಡುಕಿದರು. ಅಪರಾಧಿಗಳನ್ನು ನ್ಯಾಯಾಲಯದಲ್ಲಿ ವಿಚಾರಿಸಿದರು, ಆದರೆ ನೆರೆಮನೆಯನ್ನು ಊರಾಚೆ ಹಾಕಲಿಲ್ಲ. 1950ರಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್, ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮಂಡಳಿಯ ಕೈಗೆ ಒಪ್ಪಿಸೋಣ ಅಂದರು. ತೋಪು ಎರಕ ಹೊಯ್ಯುವ ಉಕ್ಕೇ ಇಬ್ಬರ ಪಾಲಿನದಾದರೆ ಒಬ್ಬರ ಮೇಲೊಬ್ಬರು ಯುದ್ಧ ಮಾಡುವುದು ಹೇಗೆ? 1951ರಲ್ಲಿ ಆರು ದೇಶಗಳು ಸಹಿ ಹಾಕಿದವು. ಈ ಶೂಮನ್ ಹುಟ್ಟಿನಿಂದ ಜರ್ಮನ್ ಪ್ರಜೆ. ಅಲ್ಸೇಸ್-ಲೊರೇನ್ ಫ್ರಾನ್ಸಿಗೆ ವಾಪಸಾದ ಮೇಲೆ, 1919ರಲ್ಲಿ, ಫ್ರೆಂಚ್ ಪ್ರಜೆಯಾದವರು. ಗಡಿಯ ಎರಡೂ ಕಡೆಯ ನೋವು ಅವರಿಗೆ ಗೊತ್ತಿತ್ತು. ಅಂದಿನಿಂದ ಫ್ರಾನ್ಸ್ ಮತ್ತು ಜರ್ಮನಿ ನಡುವೆ ಯುದ್ಧ ಆಗಿಲ್ಲ.

ವರ್ಸೇಲ್ಸಿನ ದಂಡಕ್ಕಾಗಿ ಮಾಡಿದ ಸಾಲದ ಕೊನೆಯ ಕಂತನ್ನು ಜರ್ಮನಿ ತೀರಿಸಿದ್ದು 2010ರ ಅಕ್ಟೋಬರ್ 3ರಂದು. ಲೆಕ್ಕ ಹಾಕಿ ನೋಡಿ ಗೆಳೆಯರೇ, ಸಹಿ ಬಿದ್ದು ತೊಂಬತ್ತೊಂದು ವರ್ಷ!

— ಹತ್ತನೇ ತರಗತಿ, 'ಬಿ' ವಿಭಾಗ